ಎಸ್‌ಡಿಬಿ ಹೋಗಿ ಎಸ್‌ಡಿಸಿ ಬಂದ ದಿನ

ಭಾನುವಾರ, 16 ಜೂನ್ 2024

ಬೆಳಿಗ್ಗೆ ಬ್ಯಾಕಪ್‌ಗೆ ಹಚ್ಚಿದ್ದ ಆರ್‌ಸಿಂಕ್ (ಕಡತಗಳನ್ನು ನಕಲಿಸುವ ಆಜ್ಞೆ) ಅರ್ಧದಲ್ಲೇ ‘ಇನ್‌ಪುಟ್/ಔಟ್‌ಪುಟ್ ಎರರ್’ ಎಂದು ಕೈಚೆಲ್ಲಿತು. ಅಪ್ಪನ ಕ್ಯಾಸೆಟ್‌ಗಳಿಂದ ಇಳಿಸಿಕೊಂಡ ತಾಳಮದ್ದಲೆಗಳೆಲ್ಲ ಇರುವ ಯುಎಸ್‌ಬಿ ಡಿಸ್ಕ್ ಅದು. “ಡಿಸ್ಕ್ ಹೋಯಿತು, ಹೊಸದು ತೆಗೆದುಕೊಳ್ಳಿ” ಎಂದು ಭಾವ ಫೋನಿನಲ್ಲೇ ತೀರ್ಪು ಕೊಟ್ಟರು. ಕೋರ್ 2 ಡ್ಯುಯೋ ಎಂಬ ಹಳೆಯ ಪ್ರೊಸೆಸರ್ ಕಾಲದ ನನ್ನ ಡೆಬಿಯನ್ ಲಿನಕ್ಸ್ ಯಂತ್ರದ ಬಗ್ಗೆಯೂ ಅವರ ಅಭಿಪ್ರಾಯ ಅದೇ.

ಯಂತ್ರದ ಒಳಗಿನ ಸಂದೇಶಗಳನ್ನು ತೋರಿಸುವ ಡಿಮೆಸ್ಗ್ ತೆರೆದರೆ ಬೇರೆಯೇ ಕಥೆ. ಮೊದಲು ‘ರೀಸೆಟ್ ಹೈ-ಸ್ಪೀಡ್ ಯುಎಸ್‌ಬಿ ಡಿವೈಸ್’ ಎಂಬ ಸಾಲು ಮತ್ತೆ ಮತ್ತೆ, ಆಮೇಲೆ ‘ಡಿವೈಸ್ ಡಿಸ್ಕ್ರಿಪ್ಟರ್ ರೀಡ್, ಎರರ್ -71’, ಕೊನೆಗೆ ‘ಡಿಸ್‌ಕನೆಕ್ಟ್’. ಸೆಕೆಂಡುಗಳಲ್ಲಿ ಅದೇ ಡಿಸ್ಕ್ ಹೊಸಬನಂತೆ ಎಸ್‌ಡಿಸಿ ಎಂಬ ಹೆಸರಿನಲ್ಲಿ ಹಾಜರ್. ಅದರ ಹಳೆಯ ಹೆಸರು ಎಸ್‌ಡಿಬಿ; ಅದು ಇನ್ನೂ ಮೌಂಟ್ ಆಗಿಯೇ (ಬಳಕೆಗೆ ಜೋಡಿಸಿಕೊಂಡೇ) ಉಳಿದಿದ್ದರಿಂದ ಆ ಹೆಸರು ಮತ್ತೆ ಸಿಗಲಿಲ್ಲ. ಸೆಕ್ಟರ್ (ಡಿಸ್ಕಿನ ಪುಟ್ಟ ತುಂಡು) ಎರರ್‌ಗಳೆಲ್ಲ ಈ ರೀಸೆಟ್‌ಗಳ ನಂತರವೇ ಬಂದಿದ್ದವು. -71 ಎಂದರೆ ಪ್ರೋಟೋಕಾಲ್ ದೋಷ, ಅಂದರೆ ತಂತಿಯ ಮೇಲಿನ ಮಾತುಕತೆಯೇ ಕೆಟ್ಟಿದೆ.

ಇಂಥ ಹೊತ್ತಿನಲ್ಲಿ ನೇರ ಎಫ್‌ಎಸ್‌ಸಿಕೆ (ಕಡತ ವ್ಯವಸ್ಥೆಯನ್ನು ಪರೀಕ್ಷಿಸಿ ದುರಸ್ತಿ ಮಾಡುವ ಆಜ್ಞೆ) ಓಡಿಸಿ ಎನ್ನುವ ಸಲಹೆ ಎಲ್ಲೆಡೆ ಸಿಗುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ಸಂಪರ್ಕ ಕಡಿಯುತ್ತಿರುವಾಗ ದುರಸ್ತಿಗೆ ಇಳಿದರೆ ಆ ದುರಸ್ತಿಯ ಬರಹವೂ ಅರ್ಧದಲ್ಲಿ ನಿಲ್ಲುತ್ತದೆ. ಅನ್‌ಮೌಂಟ್ ಮಾಡಿ, ಡಿಸ್ಕಿನ ಆರೋಗ್ಯ ಹೇಳುವ ಸ್ಮಾರ್ಟ್‌ಸಿಟಿಎಲ್‌ಗೆ ‘-ಡಿ ಸ್ಯಾಟ್’ ಸೇರಿಸಿ ಕೇಳಿದೆ. ಅದನ್ನು ಸೇರಿಸದಿದ್ದರೆ ಎಷ್ಟೋ ಯುಎಸ್‌ಬಿ ಪೆಟ್ಟಿಗೆಗಳು ಒಳಗಿನ ಡಿಸ್ಕಿನ ಸುದ್ದಿಯನ್ನೇ ಹೇಳುವುದಿಲ್ಲ. 5ನೆಯ ಸಂಖ್ಯೆಯ ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟದ್ದಕ್ಕೆ ಬದಲಿ ಕೊಟ್ಟದ್ದು) ಸೊನ್ನೆ, 197ನೆಯ ಪೆಂಡಿಂಗ್ ಸೆಕ್ಟರ್ (ಓದಲಾಗದೆ ಬಾಕಿ ಉಳಿದದ್ದು) ಸೊನ್ನೆ. 199ರ ಸಿಆರ್‌ಸಿ (ಸಾಗಣೆಯ ತಪ್ಪುಗಳ) ಲೆಕ್ಕವೂ ಸೊನ್ನೆಯೇ, ಆದರೆ ಅದು ಪೆಟ್ಟಿಗೆಯೊಳಗೆ ಡಿಸ್ಕಿಗಿರುವ ಸಾಟಾ ಜೋಡಣೆಯ ಲೆಕ್ಕ; ಯುಎಸ್‌ಬಿ ಕೇಬಲ್‌ಗೆ ಅದು ಪ್ರಮಾಣಪತ್ರವಲ್ಲ.

ಯುಎಎಸ್ ಎಂಬ ಹೊಸ ಯುಎಸ್‌ಬಿ ಡಿಸ್ಕ್ ಚಾಲಕದ (ಡ್ರೈವರ್) ಕಾಟವಿರಬಹುದೇ ಎಂದು ‘ಎಲ್‌ಎಸ್‌ಯುಎಸ್‌ಬಿ -ಟಿ’ ನೋಡಿದೆ. ಹಳೆಯ ಯುಎಸ್‌ಬಿ-ಸ್ಟೋರೇಜ್ ಚಾಲಕವೇ ಇತ್ತು. ಆ ದಾರಿ ಬಿಟ್ಟೆ.

ಉಳಿದದ್ದು ಕರೆಂಟು. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದ ಮಿತಿ 500 ಮಿಲಿಆಂಪ್, 3.0ಕ್ಕೆ 900. ಈ 2.5 ಇಂಚಿನ ಡಿಸ್ಕ್ 3.0ರ ಕಾಲದ್ದು, ತಿರುಗಲು ಶುರು ಮಾಡುವಾಗಲಂತೂ ಅದರ ಹಸಿವು ಹೆಚ್ಚು. ಚುಚ್ಚಿದ್ದು ಕ್ಯಾಬಿನೆಟ್‌ನ ಮುಂದಿನ ಪೋರ್ಟ್‌ಗೆ. ಅಲ್ಲಿಂದ ಮದರ್‌ಬೋರ್ಡ್‌ವರೆಗೆ ಕೂದಲೆಳೆಯಂಥ ತಂತಿ ಬೇರೆ. ಹಿಂದಿನ ಪೋರ್ಟ್‌ಗೆ ಬದಲಿಸಿದಾಗ ರೀಸೆಟ್‌ಗಳು ಕಡಿಮೆಯಾದವು, ನಿಲ್ಲಲಿಲ್ಲ. ಪಕ್ಕದ ಮನೆಯಿಂದ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ತಂದು, ಗಿಡ್ಡ ಕೇಬಲ್ ಹಾಕಿದ ಮೇಲೆ ಡಿಮೆಸ್ಗ್ ಬಾಯಿ ಮುಚ್ಚಿತು.

ಆಗ ಎಫ್‌ಎಸ್‌ಸಿಕೆ. ಜರ್ನಲ್ (ಡಿಸ್ಕಿನ ಬದಲಾವಣೆಗಳ ದಾಖಲೆ) ಓದಿಕೊಂಡು ಬೇಗನೆ ಮುಗಿಸಿತು. ಆರ್‌ಸಿಂಕ್ ಮತ್ತೆ ಹೊರಟಿದೆ, ಸೆಕೆಂಡಿಗೆ 30 ಎಂಬಿಯ ಆಸುಪಾಸು. 2.0ರಲ್ಲಿ ಅದಕ್ಕಿಂತ ಹೆಚ್ಚು ಆಸೆ ಪಡುವಂತಿಲ್ಲ.

ರಾತ್ರಿ ‘ಚೆಕ್‌ಸಮ್’ ಆಯ್ಕೆಯೊಂದಿಗೆ ಇನ್ನೊಮ್ಮೆ ಓಡಿಸಬೇಕು. ಆ ಆಯ್ಕೆಯಿಲ್ಲದೆ, ಗಾತ್ರವೂ ಸಮಯವೂ ಹೊಂದಿದರೆ ಆರ್‌ಸಿಂಕ್ ಕಡತದ ಒಳಗೆ ಇಣುಕುವುದಿಲ್ಲ, ಬೆಳಿಗ್ಗೆಯ ಗಲಾಟೆಯಲ್ಲಿ ಏನು ಬರೆಯಲ್ಪಟ್ಟಿತೋ ಯಾರು ಬಲ್ಲರು. ಹಬ್ಬನ್ನು ನಾಳೆ ಹಿಂದಿರುಗಿಸಬೇಕು; ಅಷ್ಟರಲ್ಲಿ ನನ್ನದೊಂದು ಕೊಳ್ಳಬೇಕು.