ಗುಡ್ಡ ಉಳಿಸಿದ ಊರಲ್ಲಿ ಹಳ್ಳ ಹುಡುಕಿದ ಅಪ್ಪ

ಈ ಸಲ ಅಪ್ಪ ಬೆಂಗಳೂರಿಂದ ಕ್ಯಾನ್‌ಬೆರಾಕ್ಕೆ ಬಂದಾಗ ಎರಡನೇ ದಿನವೇ ಮೌಂಟ್ ಏನ್ಸ್‌ಲಿ ಗುಡ್ಡಕ್ಕೆ ಕರೆದುಕೊಂಡು ಹೋದೆ. ನೆಂಟರು ಯಾರೇ ಬಂದರೂ ನಾವು ಮೊದಲು ಮಾಡೋದು ಅದನ್ನೇ. ಕಾರು ಮೇಲಿನ ತನಕ ಹೋಗುತ್ತೆ, ಟಿಕೆಟ್ ಇಲ್ಲ, ಫ್ಲಾಸ್ಕಲ್ಲಿ ಕಾಫಿ ತಗೊಂಡು ಹೋದರೆ ಒಂದು ಸಂಜೆ ಮುಗೀತು. ಮೇಲೆ ನಿಂತರೆ ಯಾರೋ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ಕಾಣುತ್ತೆ ಊರು. ಕಾಲ ಕೆಳಗೆ ಯುದ್ಧ ಸ್ಮಾರಕ, ಅಲ್ಲಿಂದ ಕೆಂಪು ಜಲ್ಲಿಯ ಆನ್ಜ್ಯಾಕ್ ಪರೇಡ್ ರಸ್ತೆ, ಆಮೇಲೆ ಕೆರೆ, ಕೆರೆಯಾಚೆ ಬಿಳಿ ಬಣ್ಣದ ಹಳೇ ಪಾರ್ಲಿಮೆಂಟು, ಅದರ ಬೆನ್ನಿಗೇ ಹೊಸದು. ಎಲ್ಲ ಒಂದೇ ಸಾಲಲ್ಲಿ.

ಅಪ್ಪ ಅದನ್ನೆಲ್ಲ ನೋಡಿ ತಲೆಯಾಡಿಸಿದರು. ಆದರೆ ಕೇಳಿದ್ದು ಬೇರೆ. "ಸುತ್ತ ಇಷ್ಟೊಂದು ಗುಡ್ಡ ಇದೆ, ಒಂದರ ಮೇಲೂ ಮನೆ ಇಲ್ವಲ್ಲೋ. ಸೈಟ್ ಮಾಡೋರು ಯಾರೂ ಇಲ್ವಾ ಇಲ್ಲಿ?"

ಎಂಟು ವರ್ಷದಿಂದ ಇಲ್ಲಿದ್ದೇನೆ, ಈ ಪ್ರಶ್ನೆ ನನಗೆ ಬಂದೇ ಇರಲಿಲ್ಲ.

ನನಗೆ ಗೊತ್ತಿದ್ದಷ್ಟು ಕಥೆ ಹೇಳಿದೆ. ಆಸ್ಟ್ರೇಲಿಯಾ ಹೊಸ ರಾಜಧಾನಿಗೆ ಜಾಗ ಹುಡುಕಿ, 1911ರಲ್ಲಿ ಊರಿನ ನಕ್ಷೆಗೆ ಒಂದು ಸ್ಪರ್ಧೆ ಇಟ್ಟಿತು. ಬಂದ 137 ನಕ್ಷೆಗಳಲ್ಲಿ ಗೆದ್ದದ್ದು ಶಿಕಾಗೋದ ವಾಲ್ಟರ್ ಬರ್ಲಿ ಗ್ರಿಫಿನ್ ಅವರದು. ಅದನ್ನ ನೋಡಿದವರ ಕಣ್ಣು ಕಟ್ಟಿಹಾಕುವ ಹಾಗೆ ಬಟ್ಟೆಯ ಮೇಲೆ ಬರೆದುಕೊಟ್ಟವರು ಅವರ ಹೆಂಡತಿ ಮೇರಿಯನ್ ಮಹೋನಿ. ಅವರೂ ಆರ್ಕಿಟೆಕ್ಟೇ. ತಮಾಷೆ ಅಂದರೆ ಆಗ ಇಬ್ಬರೂ ಈ ಜಾಗಕ್ಕೆ ಕಾಲಿಟ್ಟಿರಲಿಲ್ಲ. ಗ್ರಿಫಿನ್ ಇಲ್ಲಿಗೆ ಮೊದಲು ಬಂದದ್ದು 1913ರಲ್ಲಿ. ಸ್ಪರ್ಧೆಗೆ ಸೇರಿದವರಿಗೆಲ್ಲ ನೆಲದ ಏರಿಳಿತ ತೋರಿಸುವ ಕಾಂಟೂರ್ ನಕ್ಷೆ ಕಳಿಸಿದ್ದರು, ಸುತ್ತಲಿನ ಗುಡ್ಡಗಳ ಚಿತ್ರ ಬರೆಸಿ ಅದರ ಪ್ರತಿಯನ್ನೂ ಕಳಿಸಿದ್ದರು. ಅದನ್ನೇ ಇಟ್ಟುಕೊಂಡು ಗ್ರಿಫಿನ್ ದಂಪತಿ ಊರಿನ ಮುಖ್ಯ ಗೆರೆಗಳನ್ನ ಗುಡ್ಡದಿಂದ ಗುಡ್ಡಕ್ಕೆ ಎಳೆದರು. ಏನ್ಸ್‌ಲಿಯಿಂದ ಹೊರಟ ಗೆರೆ ಪಾರ್ಲಿಮೆಂಟಿನ ದಿಣ್ಣೆ ದಾಟಿ ದೂರದ ಬಿಂಬೆರಿ ಶಿಖರದ ಕಡೆ ಹೋಗುತ್ತೆ. ಅದಕ್ಕೆ ಅಡ್ಡಲಾಗಿ ಬ್ಲ್ಯಾಕ್ ಮೌಂಟನ್ ಕಡೆಯಿಂದ ನೀರಿನ ಗೆರೆ. ಕಣಿವೆಯ ಮಧ್ಯೆ ಹರಿಯುವ ಮೊಲೊಂಗ್ಲೊ ನದಿಯೇ ಕಟ್ಟೆ ಹಾಕಿದರೆ ಕೆರೆ. ಗುಡ್ಡಗಳು ಊರಿನ ಗೋಡೆ, ಗೋಡೆಯ ಮೇಲೆ ಯಾರೂ ಮನೆ ಕಟ್ಟಬಾರದು.

ಆ ಕಣಿವೆ ಖಾಲಿ ಏನೂ ಇರಲಿಲ್ಲ ಅನ್ನೋದನ್ನೂ ಹೇಳಬೇಕು. ನುನ್ನವಾಲ್ ಅನ್ನೋ ಮೂಲನಿವಾಸಿ ಜನರ ನೆಲ ಅದು, ಸಾವಿರಾರು ವರ್ಷಗಳಿಂದ. ಯಾವ ನಕ್ಷೆಯಲ್ಲೂ ಅವರು ಕಾಣಲ್ಲ.

ಗ್ರಿಫಿನ್ ಅಧಿಕಾರಿಗಳ ಜೊತೆ ಜಗಳ ಆಡಿ ಆಡಿ ಸಾಕಾಗಿ 1920ರಲ್ಲಿ ಈ ಕೆಲಸ ಬಿಟ್ಟರು. ಕೆರೆ ತುಂಬಿದ್ದು 1964ರಲ್ಲಿ, ಅವರು ಸತ್ತು ಇಪ್ಪತ್ತೇಳು ವರ್ಷ ಆದ ಮೇಲೆ. ಸತ್ತದ್ದು ಎಲ್ಲಿ ಗೊತ್ತಾ? ನಮ್ಮ ಲಕ್ನೋದಲ್ಲಿ. ಅಲ್ಲಿನ ವಿಶ್ವವಿದ್ಯಾಲಯಕ್ಕೆ ಲೈಬ್ರರಿ ಡಿಸೈನ್ ಮಾಡಲು ಹೋಗಿದ್ದರು, 1937ರಲ್ಲಿ ಅಲ್ಲೇ ತೀರಿಕೊಂಡರು, ಸಮಾಧಿಯೂ ಅಲ್ಲೇ. ಇಲ್ಲಿ ಕೆರೆಗೆ ಅವರ ಹೆಸರಿಟ್ಟಿದ್ದಾರೆ. ಅಪ್ಪನಿಗೆ ಈ ಲಕ್ನೋ ವಿಷಯ ಹಿಡಿಸಿತು. ಆಮೇಲೆ ಫೋನಲ್ಲಿ ಅಮ್ಮನಿಗೆ ಹೇಳಿದ್ದು ಅದೊಂದನ್ನೇ.

ಗುಡ್ಡದ ಮೇಲೆ ಮನೆ ಕಟ್ಟಬಾರದು ಅನ್ನೋ ಮಾತು ಗ್ರಿಫಿನ್ ಜೊತೆ ಹೋಗಲಿಲ್ಲ ಅನ್ನೋದು ನನಗೆ ಇವತ್ತಿಗೂ ಆಶ್ಚರ್ಯ. 1960ರ ದಶಕದಲ್ಲಿ ಊರು ಬೆಳೆಯಲು ಶುರುವಾದಾಗ, ಒಂದೇ ಊರನ್ನ ಉಬ್ಬಿಸುವ ಬದಲು ಒಂದೊಂದು ಕಣಿವೆಗೆ ಒಂದೊಂದು ಪುಟ್ಟ ಪಟ್ಟಣ ಅಂತ ಲೆಕ್ಕ ಹಾಕಿದರು. ವೋಡನ್, ಬೆಲ್ಕಾನೆನ್, ಟಗರನಾಂಗ್, ಆಮೇಲೆ ಗಂಗಾಲಿನ್. ಒಂದಕ್ಕೂ ಇನ್ನೊಂದಕ್ಕೂ ನಡುವೆ ಗುಡ್ಡಸಾಲು, ಅಲ್ಲಿ ಯೂಕಲಿಪ್ಟಸ್ ಮರ ಮತ್ತು ಕಾಂಗರೂ, ಬೇರೇನಿಲ್ಲ. 1988ರ ಹೊಸ ಪಾರ್ಲಿಮೆಂಟಿನಲ್ಲೂ ಇದೇ ಬುದ್ಧಿ. ದಿಣ್ಣೆಯ ತಲೆ ಕಡಿದು, ಒಳಗೆ ಕಟ್ಟಡ ಕೂರಿಸಿ, ಮೇಲೆ ಮತ್ತೆ ಹುಲ್ಲು ಹಾಸಿದ್ದಾರೆ. ಮಕ್ಕಳು ಆ ಹುಲ್ಲಿನ ಮೇಲಿಂದ ಉರುಳಿಕೊಂಡು ಬರುತ್ತಿದ್ದರು. ಈಗ ಬೇಲಿ ಹಾಕಿದ್ದಾರೆ, ಸೆಕ್ಯುರಿಟಿಯಂತೆ. ಸಂಸದರ ತಲೆ ಮೇಲೆ ಜನ ಓಡಾಡಬಹುದು ಅನ್ನೋದೇ ಅದರ ಚೆಂದ ಆಗಿತ್ತು, ಅಲ್ವಾ?

ಇದಕ್ಕೆಲ್ಲ ಬೆಲೆಯೂ ಇದೆ, ಸುಮ್ನೆ ಹೊಗಳೋದು ಬೇಡ. ಪಟ್ಟಣಗಳ ನಡುವೆ ಇಷ್ಟು ಗುಡ್ಡ ಇಟ್ಟರೆ ಕಾರಿಲ್ಲದೆ ಬದುಕು ಕಷ್ಟ. ರಸ್ತೆಗಳು ಇಳಿಜಾರಿನ ಜೊತೆ ಸುತ್ತಿ ಸುತ್ತಿ ಹೋಗುತ್ತವೆ, ಬಸ್ಸೂ ಅವುಗಳ ಜೊತೆ ಸುತ್ತುತ್ತೆ. ಎರಡು ಕಿಲೋಮೀಟರ್ ದೂರದ ಗೆಳೆಯನ ಮನೆಗೆ ನಾನು ಬಸ್ಸಲ್ಲಿ ಮುಕ್ಕಾಲು ಗಂಟೆ ಕೂತದ್ದಿದೆ. ಕಾಡು ಮನೆಯ ಪಕ್ಕಕ್ಕೆ ಬಂದರೆ ಕಾಡಿನ ಬೆಂಕಿಯೂ ಬರುತ್ತೆ. 2003ರ ಜನವರಿ 18ರಂದು ಪಶ್ಚಿಮದ ಕಡೆಯಿಂದ ನುಗ್ಗಿದ ಬೆಂಕಿಗೆ ನಾಲ್ಕು ಜನ ಸತ್ತರು, ಸುಮಾರು 500 ಮನೆ ಸುಟ್ಟುಹೋದವು. ಆಗ ಇಲ್ಲಿದ್ದವರು ಇವತ್ತಿಗೂ ಬಿಸಿಗಾಳಿ ಬೀಸಿದ ದಿನ ಪಶ್ಚಿಮದ ಆಕಾಶ ನೋಡುತ್ತಾರೆ.

ಅಪ್ಪನ ತಲೆಯಲ್ಲಿ ಓಡುತ್ತಿದ್ದುದು ಇದ್ಯಾವುದೂ ಅಲ್ಲ ಅಂತ ಗೊತ್ತಾದದ್ದು ಮಾರನೇ ದಿನ. ಲೈನಮ್ ಕಡೆ ವಾಕಿಂಗ್ ಹೋಗಿದ್ದೆವು. ಅಲ್ಲಿ ಸಲಿವನ್ಸ್ ಕ್ರೀಕ್ ಅಂತ ಒಂದು ಹಳ್ಳ. ಹಳ್ಳ ಅನ್ನೋದು ಹೆಸರಿಗೆ ಅಷ್ಟೇ, ಕಾಣೋದು ಅಗಲವಾದ ಕಾಂಕ್ರೀಟು ಚರಂಡಿ. ತಳದಲ್ಲಿ ಬೆರಳುದ್ದ ನೀರು, ಪಕ್ಕದಲ್ಲಿ ಹುಡುಗರ ಸೈಕಲ್ಲು. ಅಪ್ಪ ನಿಂತುಬಿಟ್ಟರು. "ಇದು ರಾಜಕಾಲುವೆ ಅಲ್ವೇನೋ? ಗುಡ್ಡಕ್ಕೆ ಅಷ್ಟು ಮರ್ಯಾದೆ ಕೊಟ್ಟವರು ಹಳ್ಳಕ್ಕೆ ಯಾಕೆ ಸಿಮೆಂಟ್ ಬಳಿದರು?"

ಅಪ್ಪ ಹುಟ್ಟಿದ್ದು ಕೋಲಾರದ ಕಡೆ ಕೆರೆ ಕೆಳಗಿನ ಒಂದು ಹಳ್ಳಿಯಲ್ಲಿ. ಅವರಿಗೆ ನೆಲ ಅಂದರೆ ನೀರು ಹರಿಯುವ ದಿಕ್ಕು. ಬೇಕಾದರೆ ಪರೀಕ್ಷೆ ಮಾಡಿ, ಯಾವ ಊರಿಗೆ ಹೋದರೂ ಅರ್ಧ ಗಂಟೆಯಲ್ಲಿ ದಿಣ್ಣೆ ಯಾವ ಕಡೆ, ತಗ್ಗು ಯಾವ ಕಡೆ ಹೇಳಿಬಿಡುತ್ತಾರೆ. ಬೆಂಗಳೂರಲ್ಲಿ ಸೈಟು ತಗೊಳ್ಳುವಾಗ ಮಾತ್ರ ಆ ಬುದ್ಧಿ ಎಲ್ಲಿ ಹೋಗಿತ್ತೋ. ಕಡಿಮೆಗೆ ಸಿಕ್ಕಿತು ಅಂತ ತಗ್ಗಿನಲ್ಲೇ ಕಟ್ಟಿದರು. ಜೋರು ಮಳೆ ಬಂದಾಗಲೆಲ್ಲ ನಾವು ಗ್ಯಾಸ್ ಸಿಲಿಂಡರ್ ಎತ್ತಿ ಮಂಚದ ಮೇಲೆ ಇಡುತ್ತಿದ್ದೆವು. ಆ ವಿಷಯ ತೆಗೆದರೆ ಅಪ್ಪ ಈಗಲೂ ಪೇಪರ್ ಓದಲು ಶುರುಮಾಡುತ್ತಾರೆ.

ಹಳೇ ಬೆಂಗಳೂರು ಹಾಗಿರಲಿಲ್ಲ. ಬೆಂಗಳೂರು ಕೂತಿರೋದೇ ಒಂದು ದಿಣ್ಣೆಯ ಬೆನ್ನ ಮೇಲೆ. ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿ ಸೇರಿ ಕಾವೇರಿಗೆ ಹೋಗುತ್ತೆ. ಪೂರ್ವಕ್ಕೆ ಬಿದ್ದದ್ದು ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿಗೆ. ನಡುವೆ ದೊಡ್ಡ ನದಿ ಇಲ್ಲ, ಅದಕ್ಕೇ ತಗ್ಗು ಸಿಕ್ಕ ಕಡೆಯೆಲ್ಲ ಏರಿ ಹಾಕಿ ಕೆರೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದು ತುಂಬಬೇಕು. ಕ್ಯಾನ್‌ಬೆರಾದವರು ಎತ್ತರವನ್ನ ಬಿಟ್ಟು ತಗ್ಗಲ್ಲಿ ಊರು ಕಟ್ಟಿದರು, ನಮ್ಮವರು ತಗ್ಗನ್ನ ನೀರಿಗೆ ಬಿಟ್ಟು ಎತ್ತರದಲ್ಲಿ ಪೇಟೆ ಕಟ್ಟಿದರು. ಎರಡೂ ನೆಲ ನೋಡಿ ಹಾಕಿದ ನಕ್ಷೆಯೇ. ಆದರೆ ಗುಡ್ಡ ದಿನಾ ಕಣ್ಣಿಗೆ ಬೀಳುತ್ತೆ. ತಗ್ಗು ಬೇಸಿಗೆಯಲ್ಲಿ ಖಾಲಿ ಸೈಟಿನ ಹಾಗೆ ಕಾಣುತ್ತೆ. ಹಾಗೆ ಕಂಡದ್ದಕ್ಕೇ ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಆಯ್ತು, ಸಂಪಂಗಿ ಕೆರೆ ಕಂಠೀರವ ಸ್ಟೇಡಿಯಂ ಆಯ್ತು. 2022ರ ಸೆಪ್ಟೆಂಬರ್‌ನಲ್ಲಿ ಔಟರ್ ರಿಂಗ್ ರೋಡ್ ಕಡೆ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದವರ ಫೋಟೋ ನೀವೂ ನೋಡಿರುತ್ತೀರಿ.

ಇದು ನಮ್ಮೂರಿನ ರೋಗ ಮಾತ್ರ ಅಂತ ಅಪ್ಪ ಅಂದುಕೊಂಡಿದ್ದರು. ವೋಡನ್ ಕಥೆ ಹೇಳಿದೆ. ಆ ಕಣಿವೆಯಲ್ಲಿ ಹೊಸದಾಗಿ ಬಡಾವಣೆಗಳಾದಾಗ ಹಳ್ಳವನ್ನ ಕಾಂಕ್ರೀಟು ಕಾಲುವೆಗೆ ಇಳಿಸಿದ್ದರು. 1971ರ ಜನವರಿ 26ರ ರಾತ್ರಿ ಬಂದ ಒಂದು ಮಳೆಗೆ ಕಾಲುವೆ ಉಕ್ಕಿ ರಸ್ತೆಗೆ ನುಗ್ಗಿತು, ಏಳು ಜನ ಸತ್ತರು. ಸುತ್ತ ಗುಡ್ಡ ಎಲ್ಲ ಹಾಗೇ ಹಸಿರಾಗಿತ್ತು. ಆದರೆ ನೀರು ಹಿಡಿದಿಡುತ್ತಿದ್ದ ಇಳಿಜಾರಿನಲ್ಲಿ ಈಗ ಸೂರು, ಟಾರು. ಹಳ್ಳಕ್ಕೆ ಕೊಟ್ಟಿದ್ದ ಅಗಲ ಸಾಲಲಿಲ್ಲ.

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಇಲ್ಲೂನಾ" ಅಂದರು, ಅಷ್ಟೇ.

ಮೂಡ್ ಬದಲಾಗಲಿ ಅಂತ ವಾಪಸ್ ಬರುವಾಗ ಡಿಕ್ಸನ್‌ನ ಕುಂಟೆಯ ಕಡೆ ತಿರುಗಿಸಿದೆ. ಇಲ್ಲಿ ಅದಕ್ಕೆ ವೆಟ್‌ಲ್ಯಾಂಡ್ ಅಂತಾರೆ, ನನಗೆ ಕುಂಟೆ ಅನ್ನೋದೇ ಸರಿ ಅನ್ನಿಸುತ್ತೆ. ಕಾಂಕ್ರೀಟು ಚರಂಡಿಯ ಪಕ್ಕದಲ್ಲೇ ಅಗೆದಿದ್ದಾರೆ. ರಸ್ತೆ ಮೇಲಿನ ಮಳೆನೀರನ್ನ ಒಂದಿಷ್ಟು ಇದರ ಕಡೆ ತಿರುಗಿಸುತ್ತಾರೆ, ಜೊಂಡು ಬೆಳೆಸಿದ್ದಾರೆ, ಹೂಳೂ ಕೊಳೆಯೂ ಅಲ್ಲಿ ನಿಲ್ಲುತ್ತೆ. ಚರಂಡಿ ಒಡೆದು ಹಳ್ಳ ಮಾಡುವಷ್ಟು ಧೈರ್ಯ ಇನ್ನೂ ಇಲ್ಲ, ಪಕ್ಕದಲ್ಲಿ ಒಂದು ತಗ್ಗು ವಾಪಸ್ ಕೊಟ್ಟಿದ್ದಾರೆ ಅಷ್ಟೆ.

ಬಾತುಕೋಳಿ ತೋರಿಸೋಣ ಅಂತ ತಿರುಗಿದರೆ ಅಪ್ಪ ಪಕ್ಕದಲ್ಲಿಲ್ಲ. ಆ ಕಡೆ ದಡದಲ್ಲಿ ಬಗ್ಗಿ ಏನೋ ಹುಡುಕುತ್ತಿದ್ದರು. "ಏನಪ್ಪಾ?" ಅಂತ ಕೂಗಿದೆ.

"ಕೋಡಿ ಎಲ್ಲಿದೆ ನೋಡ್ತಿದ್ದೆ ಕಣೋ."

ಕೊನೆಗೆ ಸಿಕ್ಕಿತು, ಕಲ್ಲು ಜೋಡಿಸಿದ ತಗ್ಗು ಅಂಚು. ಅಲ್ಲೇ ಕುಕ್ಕರುಗಾಲಲ್ಲಿ ಕೂತರು. ಈ ನೀರನ್ನ ಪೈಪಲ್ಲಿ ಎತ್ತಿ ಸುತ್ತಲಿನ ಆಟದ ಮೈದಾನಗಳ ಹುಲ್ಲಿಗೆ ಬಿಡ್ತಾರೆ ಅಂತ ನಾನು ಹೇಳಿದೆ. ಅಪ್ಪನ ಮುಖ ಅರಳಿತು. "ಹಂಗಾದ್ರೆ ಅಚ್ಚುಕಟ್ಟೂ ಇದೆ ಅನ್ನು. ಏನು ಬೆಳೀತಾರೆ, ಕ್ರಿಕೆಟ್ಟಾ?"