ಸೇತುವೆ ಮೇಲೆ ಹಿಂದೆ ತಿರುಗುವಂತಿಲ್ಲ

ಥಾಯ್ಲೆಂಡಿನ ಚಿಯಾಂಗ್ ರಾಯ್‌ನ ಹಳೇ ಬಸ್‌ಸ್ಟ್ಯಾಂಡಿನಲ್ಲಿ "ವಾಟ್ ರೋಂಗ್ ಖುನ್" ಎಂದು ಮೂರು ಸಲ, ಮೂರು ರಾಗದಲ್ಲಿ ಹೇಳಿದೆ. ಥಾಯ್ ಭಾಷೆಯಲ್ಲಿ ರಾಗ ತಪ್ಪಿದರೆ ಅರ್ಥವೇ ಬೇರೆ. ನನ್ನ ಮೂರೂ ತಪ್ಪಿರಬೇಕು. ಕೊನೆಗೆ ನನ್ನ ಬಿಳಿ ಅಂಗಿಯನ್ನೇ ಹಿಡಿದು ತೋರಿಸಿ ಕೈಮುಗಿದಾಗ ಕಂಡಕ್ಟರಮ್ಮ ನಕ್ಕು ಹತ್ತಿಸಿಕೊಂಡಳು. ನಾವು ಹೊರಟಿದ್ದ ಆ ಬಿಳಿ ದೇವಾಲಯ ಊರಿನಿಂದ ದಕ್ಷಿಣಕ್ಕೆ 13 ಕಿಲೋಮೀಟರ್.

ನಿಜ ಹೇಳಬೇಕೆಂದರೆ ನನಗೆ ಅಷ್ಟೇನೂ ಉತ್ಸಾಹವಿರಲಿಲ್ಲ. ಬಿಳಿ ದೇವಾಲಯದ ಫೋಟೋಗಳನ್ನು ನೋಡಿದಾಗಲೆಲ್ಲ ಕಲ್ಯಾಣಮಂಟಪದ ಥರ್ಮಾಕೋಲ್ ಅಲಂಕಾರವೇ ನೆನಪಾಗುತ್ತಿತ್ತು. ಹಟ ಹಿಡಿದವಳು ಹೆಂಡತಿ.

ಹೆದ್ದಾರಿಯಿಂದಲೇ ಕಾಣುತ್ತದೆ. ಬಿಳಿ ಗಾರೆ, ಅದರ ಅಂಚಂಚಿಗೂ ಕನ್ನಡಿಯ ಚೂರು. ಬಿಳುಪು ಬುದ್ಧನ ಪರಿಶುದ್ಧತೆಯಂತೆ, ಗಾಜಿನ ಹೊಳಪು ಅವನ ಜ್ಞಾನವಂತೆ. ಹತ್ತೂವರೆಯ ಬಿಸಿಲಿನಲ್ಲಿ ಆ ಜ್ಞಾನವನ್ನು ಬರಿಗಣ್ಣಿಂದ ನೋಡಲಾಗದೆ ಕೂಲಿಂಗ್ ಗ್ಲಾಸ್ ಹಾಕಿಕೊಂಡೆ.

ಒಳಗೆ ಹೋಗಲು ಒಂದು ಪುಟ್ಟ ಸೇತುವೆ ದಾಟಬೇಕು. ಅದರ ಬುಡದಲ್ಲಿ, ಎರಡೂ ಬದಿಯ ಗುಂಡಿಗಳಿಂದ, ನೂರಾರು ಕೈಗಳು ಮೇಲಕ್ಕೆ ಚಾಚಿವೆ. ಥರ್ಮಾಕೋಲಿನ ಮಾತು ನಾನು ವಾಪಸ್ ತೆಗೆದುಕೊಂಡದ್ದು ಇಲ್ಲಿ. ಒಂದು ಕೈ ಬೊಗಸೆಯಾಗಿದೆ, ಇನ್ನೊಂದು ಏನನ್ನೋ ಕಿತ್ತುಕೊಳ್ಳುವ ಹಾಗೆ ಮುಷ್ಟಿ ಬಿಚ್ಚಿದೆ, ಕೆಲವು ಬರೀ ಸೋತಿವೆ. ಕೈಗಳ ನಡುವೆ ತಲೆಬುರುಡೆಗಳು, ಪಾತ್ರೆಗಳು. ಎಲ್ಲವೂ ಬಿಳಿ, ಒಂದೇ ಒಂದು ಬೆರಳಿನ ಉಗುರು ಬಿಟ್ಟು. ಅದಕ್ಕೆ ಮಾತ್ರ ಕೆಂಪು ಬಣ್ಣ. ನಾವೆಲ್ಲ ಆ ಉಗುರು ಹುಡುಕಿ ಫೋಟೋ ತೆಗೆಯುತ್ತಾ ನಿಂತಿದ್ದೆವು. ಆಸೆಯ ಗುಂಡಿಯೆದುರು ಮೊಬೈಲ್ ಹಿಡಿದು ಚಾಚಿದ ನಮ್ಮ ಕೈಗಳು ಕೆಳಗಿನವಕ್ಕಿಂತ ಬೇರೆಯಾಗೇನೂ ಕಾಣುತ್ತಿರಲಿಲ್ಲ.

ಇದು ಹುಟ್ಟು-ಸಾವಿನ ಚಕ್ರ ದಾಟುವ ಸೇತುವೆ; ಆಚೆ ತುದಿ ಸ್ವರ್ಗದ ಬಾಗಿಲು. ಅಲ್ಲಿ ಇಬ್ಬರು ಕಾವಲುಗಾರರು: ಒಬ್ಬ ಮೃತ್ಯು, ಇನ್ನೊಬ್ಬ ರಾಹು. ನಮ್ಮಲ್ಲಿ ಗ್ರಹಣದ ದಿನ ದರ್ಭೆ ಹಿಡಿದು ದೂರವಿಡುವ ಅದೇ ರಾಹು. ಇಷ್ಟು ದೂರ ಬಂದರೂ ಬಿಡಲಿಲ್ಲವಲ್ಲ ಎಂದುಕೊಳ್ಳುವಾಗ, ಹೆಂಡತಿ ಬಿದ್ದುಹೋದ ಟೋಪಿಗೆಂದು ನಾಲ್ಕು ಹೆಜ್ಜೆ ಹಿಂದೆ ಹೋದಳು. ತಕ್ಷಣ ಧ್ವನಿವರ್ಧಕ ಗದರಿತು. ಇಲ್ಲಿ ಹಿಂದಕ್ಕೆ ನಡೆಯುವಂತಿಲ್ಲ. ಸಂಸಾರ ದಾಟಿದವರು ಮತ್ತೆ ನರಕದ ಕಡೆ ಹೋಗಬಾರದು. ಹಿಂದಿದ್ದ ಚೀನೀ ಹುಡುಗನೊಬ್ಬ ಟೋಪಿ ತಂದುಕೊಟ್ಟ.

ಒಳಗಿನ ಮುಖ್ಯ ಪ್ರಾರ್ಥನಾ ಮಂದಿರವಾದ ಉಪೋಸಥದಲ್ಲಿ ಫೋಟೋ ನಿಷೇಧ. ಎದುರಿಗೆ ಬುದ್ಧ, ಪ್ರಶಾಂತ. ಹೊರಡಲು ತಿರುಗಿದರೆ ಬಾಗಿಲ ಗೋಡೆಯ ತುಂಬ ಬೆಂಕಿ: ಸೂಪರ್‌ಮ್ಯಾನ್, ಮೈಕಲ್ ಜಾಕ್ಸನ್, ಹಲೋ ಕಿಟ್ಟಿ, ಉರಿಯುವ ಅವಳಿ ಗೋಪುರಗಳು, ಅವನ್ನು ಸುತ್ತಿಕೊಂಡ ಪೆಟ್ರೋಲ್ ಬಂಕಿನ ಕೊಳವೆ. ಪಕ್ಕದಲ್ಲಿದ್ದ ಮಕ್ಕಳು ಬುದ್ಧನಿಗೆ ಬೆನ್ನು ಹಾಕಿ ಸ್ಪೈಡರ್‌ಮ್ಯಾನ್ ಹುಡುಕುತ್ತಿದ್ದರು.

ಇದೆಲ್ಲ ಒಬ್ಬನೇ ಕಲಾವಿದನ ಕನಸು. ಚಲೆರ್ಮ್‌ಚಾಯ್ ಕೋಸಿತ್‌ಪಿಪತ್, 1955ರಲ್ಲಿ ಇದೇ ಹಳ್ಳಿಯಲ್ಲಿ ಹುಟ್ಟಿದವರು. ಲಂಡನ್ನಿನ ವಿಂಬಲ್ಡನ್‌ನಲ್ಲಿರುವ ಥಾಯ್ ಬೌದ್ಧ ದೇವಾಲಯದ ಗೋಡೆಗಳಿಗೆ ಎಂಬತ್ತರ ದಶಕದಲ್ಲಿ ಚಿತ್ರ ಬರೆದವರಲ್ಲಿ ಒಬ್ಬರು. ಊರಿನ ಹಳೇ ದೇವಾಲಯ ಶಿಥಿಲವಾಗಿದ್ದಾಗ ಸ್ವಂತ ದುಡ್ಡು ಹಾಕಿ 1997ರಲ್ಲಿ ಈ ಕೆಲಸಕ್ಕೆ ಕೈಹಚ್ಚಿದರು. 10,000 ಬಾಹ್ತ್‌ಗಿಂತ ಹೆಚ್ಚಿನ ದಾನ ತೆಗೆದುಕೊಳ್ಳುವುದಿಲ್ಲ. ದೊಡ್ಡ ದುಡ್ಡು ಕೊಟ್ಟವರು ಹೀಗೆ ಮಾಡು, ಹಾಗೆ ಮಾಡು ಎನ್ನಬಾರದಲ್ಲ. ಟ್ಯೂಬ್‌ಲೈಟಿನ ಮೇಲೂ ದಾನಿಯ ಹೆಸರು ಬರೆಸುವ ಊರಿನಿಂದ ಹೋದ ನನಗೆ ಇದು ಆ ಕನ್ನಡಿ ಕೆಲಸಕ್ಕಿಂತ ದೊಡ್ಡ ಅಚ್ಚರಿ. ಆದರೆ ಕಲಾವಿದರಿಗೆ ಸಂಕೋಚವೇನಿಲ್ಲ. ಅಂಗಳದಲ್ಲಿ ಅವರದೇ ಆಳೆತ್ತರದ ರಟ್ಟಿನ ಚಿತ್ರ ನಿಂತಿದೆ, ಜನ ಹೆಗಲ ಮೇಲೆ ಕೈಹಾಕಿ ಫೋಟೋ ತೆಗೆಸಿಕೊಳ್ಳುತ್ತಾರೆ. ನಮ್ಮ ಸೋಮನಾಥಪುರದ ಶಿಲ್ಪಿ ಮಲ್ಲಿತಮ್ಮ ವಿಗ್ರಹದ ಬುಡದಲ್ಲಿ ಹೆಸರು ಕೊರೆದು ಸುಮ್ಮನಾಗಿದ್ದ.

2014ರ ಮೇ 5ರಂದು ಭೂಕಂಪವಾಗಿ ಗೋಡೆ ಬಿರುಕುಬಿಟ್ಟಾಗ, ಇದನ್ನು ಕೆಡವಿಬಿಡುತ್ತೇನೆ ಎಂದಿದ್ದರಂತೆ. ಎಂಜಿನಿಯರುಗಳು ಕಟ್ಟಡ ಗಟ್ಟಿಯಿದೆ ಎಂದ ಮೇಲೆ ಮತ್ತೆ ರಿಪೇರಿಗೆ ಕೂತರು. ಯೋಜನೆಯಲ್ಲಿ ಒಂಬತ್ತು ಕಟ್ಟಡಗಳಿವೆ. ಎಲ್ಲ ಮುಗಿಯುವುದು 2070ಕ್ಕೆ ಎಂಬ ಲೆಕ್ಕ. ಆಗ ಅವರಿಗೆ 115 ವರ್ಷವಾಗಿರುತ್ತದೆ. ಹಾಗಾಗಿ ಶಿಷ್ಯರನ್ನು ತಯಾರು ಮಾಡಿದ್ದಾರೆ.

ಇಡೀ ಆವರಣದಲ್ಲಿ ಅತಿ ವೈಭವದ ಬಂಗಾರದ ಕಟ್ಟಡ ಯಾವುದೆಂದು ಓಡಿ ನೋಡಿದರೆ ಅದು ಶೌಚಾಲಯ. ಬಿಳಿ ಬಣ್ಣ ಮನಸ್ಸಿನ ಸಂಕೇತವಂತೆ, ಬಂಗಾರ ದೇಹದ್ದು. ಎರಡನೆಯದರ ತುರ್ತು ನನಗೂ ಇತ್ತು.

ಹೊರಡುವ ಮುನ್ನ ಬೆಳ್ಳಿಬಣ್ಣದ ತಗಡಿನ ಅರಳಿ ಎಲೆಯೊಂದನ್ನು ಕೊಂಡೆವು. ಹೆಸರು ಬರೆದು ಕಟ್ಟಬೇಕು. ಹೆಂಡತಿ ಕನ್ನಡದಲ್ಲಿ ತನ್ನ ಅಮ್ಮನ ಹೆಸರು ಬರೆದಳು. ಕಟ್ಟಲು ಜಾಗವೇ ಇರಲಿಲ್ಲ, ಸಾವಿರಾರು ಎಲೆಗಳು. ಯಾರದೋ ಕೊರಿಯನ್ ಹೆಸರನ್ನು ತುಸು ಪಕ್ಕಕ್ಕೆ ಸರಿಸಿ ಸಿಕ್ಕಿಸಿದಳು. ಅತ್ತ ನೆರಳಿನಲ್ಲಿ ಕೂತಿದ್ದ ಕೆಲಸಗಾರನೊಬ್ಬ ನಾಗನ ಹೆಡೆಗೆ ಉಗುರಿನಷ್ಟು ಕನ್ನಡಿ ಚೂರುಗಳನ್ನು ಒಂದೊಂದಾಗಿ ಅಂಟಿಸುತ್ತಿದ್ದ. ಬಸ್ಸಿಗೆ ಇನ್ನೂ ಹೊತ್ತಿತ್ತು. ಹತ್ತು ಚೂರುಗಳವರೆಗೆ ಎಣಿಸುತ್ತಾ ಕೂತೆ.