ರಿನ್ಯೂವಲ್ ಫೈಲು: ಏಳನೇ ವಾರ

ಮನೆಯಲ್ಲೇ ಇಬ್ಬರು ಹಿರಿಯರನ್ನು ನೋಡಿಕೊಳ್ಳುವ ನಮ್ಮ ಪರವಾನಗಿ ಮುಗಿಯಲು ಇನ್ನು 38 ದಿನ. ಅರ್ಜಿ ತುಂಬುವುದು ಒಂದು ಸಂಜೆಯ ಕೆಲಸ ಅಂದುಕೊಂಡಿದ್ದೆ, ಅದು ಹಾಗೇ ಆಯಿತು. ಜೀವ ತಿಂದದ್ದು ಅದಕ್ಕೆ ಲಗತ್ತಿಸಬೇಕಾದ ಕಾಗದಗಳ ತಾರೀಖುಗಳು. ಒಂದೊಂದಕ್ಕೆ ಒಂದೊಂದು ಆಯಸ್ಸು.

ಸಿಪಿಆರ್, ಅಂದರೆ ಹೃದಯ ನಿಂತವರ ಎದೆ ಒತ್ತಿ ಜೀವ ಉಳಿಸುವ ತರಬೇತಿಯ ಕಾರ್ಡಿಗೆ 2 ವರ್ಷ. ನನ್ನದು ತಪಾಸಣೆಗೆ ಹತ್ತು ದಿನ ಮೊದಲೇ ಮುಗಿಯುತ್ತದೆ ಅನ್ನುವುದು ಹೋದ ವಾರವಷ್ಟೇ ಕಣ್ಣಿಗೆ ಬಿತ್ತು. ಮತ್ತೆ ತರಬೇತಿಗೆ ಹೋಗಿ ಬಂದೆ. ನಿಮಿಷಕ್ಕೆ 100ರಿಂದ 120 ಸಲ, ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ವೇಗ ಸರಿಯಿತ್ತು. ಆದರೆ ಒತ್ತಿದ ಮೇಲೆ ಬೊಂಬೆಯ ಎದೆ ಪೂರ್ತಿ ಮೇಲೇಳಲು ನಾನು ಬಿಡುತ್ತಲೇ ಇರಲಿಲ್ಲ. ಹೋದ ಸಲವೂ ಇದೇ ತಪ್ಪು.

ಹಿಂಬಾಗಿಲ ಮೆಟ್ಟಿಲು 15 ಸೆಂಟಿಮೀಟರ್ ಎತ್ತರ. ನಾನು ಜೋಡಿಸಿದ್ದ ಹಲಗೆ 120 ಸೆಂಟಿಮೀಟರ್ ಉದ್ದ. ಗಾಲಿಕುರ್ಚಿ ತಳ್ಳುವಾಗ ನನಗೇ ಏದುಸಿರು! ಒಂದು ಪಾಲು ಎತ್ತರಕ್ಕೆ ಹನ್ನೆರಡು ಪಾಲು ಉದ್ದದ ಲೆಕ್ಕದಲ್ಲಿ 180 ಬೇಕು. ಹಲಗೆ ಬದಲಾಯಿಸಿದೆ, ಅಂಚಿಗೆ ಪಟ್ಟಿ ಹೊಡೆದೆ. ಹೊಗೆ ಅಲಾರಂ ಗುಂಡಿ ಒತ್ತಿದರೆ ಕಿರುಚುತ್ತಿತ್ತು, ಹಾಗಾಗಿ ಅದರ ಬಗ್ಗೆ ನಿಶ್ಚಿಂತೆಯಲ್ಲಿದ್ದೆ. ಕಳಚಿ ಹಿಂಬದಿ ನೋಡಿದರೆ ತಯಾರಾಗಿ 10 ವರ್ಷ ದಾಟಿದೆ. ಹೊಸದು ಹಾಕಿದ್ದಾಯಿತು.

ನಿಜವಾದ ತಲೆನೋವು ಔಷಧಿ ರಿಜಿಸ್ಟರ್. ಭಾನುವಾರ ನಾನೇ ತಪಾಸಣಾಧಿಕಾರಿಯ ಹಾಗೆ ಕೂತು ಪುಟ ಪುಟ ನೋಡಿದೆ. 14ನೇ ತಾರೀಖು, ರಾತ್ರಿಯ ರಕ್ತದೊತ್ತಡದ ಮಾತ್ರೆ: ಚೌಕ ಖಾಲಿ. ಸ್ಟ್ರಿಪ್ಪು ತೆಗೆದು ಎಣಿಸಿದೆ, ಲೆಕ್ಕ ಸರಿಯಿದೆ. ಅಂದರೆ ಮಾತ್ರೆ ಕೊಟ್ಟಿದ್ದೇನೆ, ಸಹಿ ಮರೆತಿದ್ದೇನೆ. ಅದೇ ಪೆನ್ನು ಕೈಯಲ್ಲಿತ್ತು, ಎರಡು ಅಕ್ಷರ ಗೀಚಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗೀಚಲಿಲ್ಲ. ಪುಟದ ಹಿಂದೆ ‘ತಡವಾದ ನಮೂದು’ ಅಂತ ಬರೆದು, ಆ ದಿನದ್ದಲ್ಲ, ಇವತ್ತಿನ ತಾರೀಖು ಹಾಕಿ, ಮಾತ್ರೆ ಎಣಿಸಿದ ವಿಷಯವನ್ನೂ ಸೇರಿಸಿದೆ. ಅಜ್ಜ ಮಾತ್ರೆ ಬೇಡವೆಂದು ಮುಖ ತಿರುಗಿಸಿದ ದಿನಗಳಲ್ಲಿ ಮಾತ್ರ ಕಾರಣಸಮೇತ ಬರೆದಿಟ್ಟಿದ್ದೇನೆ. ಜಗಳವಾದರೆ ನೆನಪಿರುತ್ತದೆ, ಸಲೀಸಾಗಿ ನುಂಗಿದರೆ ಮರೆಯುತ್ತದೆ, ಅಷ್ಟೇ. ಈಗ ಪೆನ್ನನ್ನು ದಾರ ಕಟ್ಟಿ ಮಾತ್ರೆ ಡಬ್ಬಿಗೇ ನೇತುಹಾಕಿದ್ದೇನೆ.

ಬಾಕಿ: ನಾನಿಲ್ಲದಾಗ ನೋಡಿಕೊಳ್ಳುವ ತಮ್ಮನ ಪೊಲೀಸ್ ಪರಿಶೀಲನಾ ಪತ್ರ ಇನ್ನೂ ಬಂದಿಲ್ಲ. ನಾಳೆ ರಾತ್ರಿ ಬೆಂಕಿ ಅಣಕು ಕವಾಯತು. ಅಜ್ಜಿ ಒಪ್ಪಿದ್ದಾರೆ, ಆದರೆ ನಿದ್ದೆಯಿಂದ ಎಬ್ಬಿಸಬಾರದಂತೆ.